ಹಡಗಿನ ಬಸ್ಸು ಬಿಟ್ಟು ಜಾರ್ಜ್‌ಟೌನ್ ಸುತ್ತಿದ್ದು

ಸಿಂಗಪುರದಿಂದ ಹೊರಟ ನಮ್ಮ ಹಡಗು ಮಲೇಷ್ಯಾದ ಪೆನಾಂಗ್ ಮುಟ್ಟಿದ್ದು ಬೆಳಿಗ್ಗೆ ಒಂಬತ್ತಕ್ಕೆ. ಸಂಜೆ ನಾಲ್ಕರೊಳಗೆ ಎಲ್ಲರೂ ವಾಪಸ್ ಹತ್ತಿರಬೇಕು. ಹಡಗಿನವರದ್ದೇ ಬಸ್ ಟೂರ್ ಇತ್ತು, ನಾನು ಬುಕ್ ಮಾಡಲಿಲ್ಲ. ಹಡಗು ನಿಲ್ಲುವ ಸ್ವೆಟೆನ್‌ಹ್ಯಾಮ್ ಪಿಯರ್ ಇರುವುದೇ ಪೆನಾಂಗಿನ ಹಳೇ ಪಟ್ಟಣ ಜಾರ್ಜ್‌ಟೌನಿನ ಅಂಚಿನಲ್ಲಿ; ಎಪ್ಪತ್ತು ದಾಟಿದ ಅಮ್ಮನೂ ಆರಾಮಾಗಿ ನಡೆಯುವಷ್ಟು ಹತ್ತಿರ. ಹೊರಗೆ ಬಂದರೆ ಗಡಿಯಾರದ ಗೋಪುರ. ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದು 60 ವರ್ಷವಾದ ನೆನಪಿಗೆ 60 ಅಡಿ ಎತ್ತರ ಕಟ್ಟಿದ್ದು.

ಪಕ್ಕದಲ್ಲೇ ಕೋಟೆ. ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಫ್ರಾನ್ಸಿಸ್ ಲೈಟ್ 1786ರಲ್ಲಿ ಬಂದಿಳಿದು ಮೊದಲು ಮರದ ಬೇಲಿ ಹಾಕಿಸಿದ, ಆಮೇಲೆ ಅದು ಇಟ್ಟಿಗೆ ಕಲ್ಲಿನದಾಯಿತು. ಹೆಸರು ಫೋರ್ಟ್ ಕಾರ್ನ್‌ವಾಲಿಸ್. ಓದಿ ಅಲ್ಲೇ ನಿಂತುಬಿಟ್ಟೆ. 1791ರಲ್ಲಿ ಬೆಂಗಳೂರು ಕೋಟೆ ಹಿಡಿದವನು, ಮರುವರ್ಷ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆ ಇಟ್ಟುಕೊಂಡವನು ಇದೇ ಕಾರ್ನ್‌ವಾಲಿಸ್, ಕಂಪನಿಯ ಆಗಿನ ಗವರ್ನರ್ ಜನರಲ್. ಅವನ ಸೈನ್ಯ ಗೋಡೆ ಒಡೆದು ನುಗ್ಗಿದ ಜಾಗದ ಗುರುತಿನ ಕಲ್ಲು ಕೆ.ಆರ್. ಮಾರ್ಕೆಟ್ ಹತ್ತಿರವಿದೆ, ಅದರ ಮುಂದೆ ಎಷ್ಟು ಸಲ ಓಡಾಡಿದ್ದೇನೋ ಲೆಕ್ಕವಿಲ್ಲ. ಅಮ್ಮನಿಗೆ ಹೇಳಿದೆ. "ಇಲ್ಲಿಗೂ ಬಂದಿದ್ನಾ ಅವನು?" ಅಂದಳು. "ಬಂದಿದ್ದು ಹೆಸರು ಮಾತ್ರ ಅಮ್ಮ."

ಮುಂದಿನ ಸೇಂಟ್ ಜಾರ್ಜ್ ಚರ್ಚು ಮುಗಿದದ್ದು 1818ರಲ್ಲಿ. ಅದಕ್ಕೆ ದುಡಿದವರು ಭಾರತದಿಂದ ಗಡೀಪಾರಾಗಿ ಬಂದ ಕೈದಿಗಳು. ಆ ಬಿಳಿ ಕಂಬಗಳ ಮುಂದೆ ಫೋಟೋ ತೆಗೆಸಿಕೊಳ್ಳುವ ನಮ್ಮ ಜನ ಇದನ್ನು ತಿಳಿದಿರಬೇಕು ಅನ್ನುವುದು ನನ್ನ ಆಸೆ.

ಅದೇ ಬೀದಿ ಹಿಡಿದು ಹೋದರೆ ಚೀನೀಯರ ಕರುಣಾದೇವಿಯ ಗುಡಿ, ಮುಂದೆ 1801ರ ಕಪಿತಾನ್ ಕೆಲಿಂಗ್ ಮಸೀದಿ, ಬದಿಯ ಕ್ವೀನ್ ಸ್ಟ್ರೀಟಿನಲ್ಲಿ 1833ರ ಮಾರಿಯಮ್ಮನ ಗುಡಿ. ನಾನು ತಪ್ಪಿದ್ದು ಇಲ್ಲೇ. ಕೋಟೆಯಲ್ಲಿ ಹೊತ್ತು ಕಳೆದು ಗುಡಿಗೆ ಬರುವಷ್ಟರಲ್ಲಿ ಮಧ್ಯಾಹ್ನದ ಬಾಗಿಲು ಹಾಕಿತ್ತು. ಅಮ್ಮ ಹೊರಗಿನಿಂದಲೇ ಗೋಪುರಕ್ಕೆ ಕೈಮುಗಿದಳು. ಹೋಗುವವರು ಗುಡಿ ಮೊದಲು ಮುಗಿಸಿ, ಕೋಟೆ ಆಮೇಲೆ ನೋಡಿ.

ಬಿಸಿಲು ಏರಿದ ಮೇಲೆ ನಮ್ಮನ್ನು ಕಾಪಾಡಿದ್ದು ಅಂಗಡಿಮನೆಗಳ ಜಗಲಿ. ಕೆಳಗೆ ಅಂಗಡಿ, ಮೇಲೆ ವಾಸ; ಮಹಡಿ ಮುಂದಕ್ಕೆ ಚಾಚಿ ಜಗಲಿಗೆ ನೆರಳು ಕೊಡುತ್ತದೆ. ಐದಡಿ ದಾರಿ ಎಂದೇ ಅದರ ಹೆಸರು. ಮನೆಯಿಂದ ಮನೆಗೆ ನೆಲದ ಹೆಂಚು ಬದಲಾಗುತ್ತದೆ: ಒಂದು ಕಡೆ ಹಸಿರು ಹೂಬಳ್ಳಿ, ಎರಡು ಹೆಜ್ಜೆಗೆ ಕೆಂಪು ಚೌಕ, ಆಮೇಲೆ ಬರೀ ಸಿಮೆಂಟು. ಎತ್ತರವೂ ಒಂದೇ ಸಮ ಇರುವುದಿಲ್ಲ, ವಯಸ್ಸಾದವರ ಕೈ ಹಿಡಿದುಕೊಂಡೇ ನಡೆಸಿ. ಬಾಗಿಲು ತೆರೆದಿದ್ದ ಒಂದು ಮನೆಯೊಳಗೆ ಇಣುಕಿದರೆ ನಡುವೆ ಆಕಾಶಕ್ಕೆ ತೆರೆದ ಅಂಗಳ, ಬಿಸಿಲಿನ ಒಂದು ತುಂಡು ನೆಲದ ಮೇಲೆ. "ನಮ್ಮಜ್ಜಿ ಮನೆ ತೊಟ್ಟಿ ಥರಾನೇ ಇದೆ" ಎಂದು ಅಮ್ಮ ಅಲ್ಲಿಂದ ಕದಲಲೇ ಇಲ್ಲ.

ಲಿಟಲ್ ಇಂಡಿಯಾದಲ್ಲಿ ಬಾಳೆಲೆ ಊಟ. ಸಣ್ಣ ರಿಂಗಿಟ್ ನೋಟು ಇಟ್ಟುಕೊಂಡಿದ್ದು ಒಳ್ಳೆಯದಾಯಿತು.

ನೀರಿನ ಮೇಲೆ ಕಂಬ ನಿಲ್ಲಿಸಿ ಕಟ್ಟಿದ ಚೀನೀ ಕುಲದವರ ಚ್ಯೂ ಜೆಟ್ಟಿ ನೋಡುವ ಆಸೆಯಿತ್ತು. ಆದರೆ ಮೊಬೈಲಿನಲ್ಲಿ ಮೂರು ಗಂಟೆಗೆ ಇಟ್ಟಿದ್ದ ಅಲಾರಂ ಹೊಡೆಯಿತು, ಅಮ್ಮನ ಮಂಡಿಯೂ ಸೋತಿತ್ತು. ಕಾರು ಹಿಡಿದು ಪಿಯರ್‌ಗೆ ಬಂದೆವು. ಹಡಗಿನ ಕಾರ್ಡು ತೋರಿಸಿ ಒಳಗೆ ಹೋದಾಗ ಮೂರೂ ಇಪ್ಪತ್ತು.