ಶಾಮಿಯಾನ ಅಂಗಡಿಯ ಪುಸ್ತಕದಿಂದ ಪಿಎಚ್‌ಪಿ ಕಲಿತದ್ದು

ಪಿಎಚ್‌ಪಿ ಅಂದರೆ ವೆಬ್ ಪುಟಗಳನ್ನು ಮಾಡುವ ಪ್ರೋಗ್ರಾಮಿಂಗ್ ಭಾಷೆ. ಅದನ್ನು ಕಲಿಯಬೇಕು ಅನ್ನುವವರು ಹೆಚ್ಚಾಗಿ ಕೇಳುವುದು ಯಾವ ಕೋರ್ಸ್ ಒಳ್ಳೆಯದು ಅಂತ. ನಾನು ತಿರುಗಿ ಕೇಳುವುದು ಒಂದೇ: ನೀವು ದಿನಾ ಬರೆಯುವ ಲೆಕ್ಕದ ಪುಸ್ತಕ ಯಾವುದಾದರೂ ಇದೆಯಾ? ಇದ್ದರೆ ಅದನ್ನೇ ಮುಂದಿಟ್ಟುಕೊಂಡು ಕೂತುಕೊಳ್ಳಿ. ನಾನು ಕಲಿತದ್ದು ಹಾಗೆ.

ಕಟಪಾಡಿ ಹತ್ತಿರ ನಮ್ಮದು ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ಟೆಂಪೋ, ಕೆಲಸದವರು ಅಣ್ಣನ ಪಾಲು. ಪುಸ್ತಕ ನನ್ನ ಪಾಲು. ಸೀಸನ್‌ನಲ್ಲಿ ಶಿರ್ವದಲ್ಲಿ ಮದುವೆ, ಕಾಪುವಿನಲ್ಲಿ ಗೃಹಪ್ರವೇಶ, ಉದ್ಯಾವರದಲ್ಲಿ ಭೂತಕೋಲ, ಎಲ್ಲ ಒಂದೇ ವಾರದಲ್ಲಿ ಬರುತ್ತವೆ. ಫೋನ್‌ನಲ್ಲಿ ಯಾರೋ "ಆ ದಿನಕ್ಕೆ ಐನೂರು ಕುರ್ಚಿ ಉಂಟಾ?" ಅಂತ ಕೇಳಿದರೆ ಹತ್ತು ಪುಟ ಮಗುಚಬೇಕು. ಮೇ ಕೊನೆಗೆ ಪತ್ತನಾಜೆ, ಅಂದರೆ ತುಳುನಾಡಿನಲ್ಲಿ ಉತ್ಸವಗಳ ಸೀಸನ್ ಮುಗಿಯುವ ದಿನ, ಬಂದರೆ ಕೋಲ, ನೇಮ, ಯಕ್ಷಗಾನ ಮೇಳದ ಆಟ ಎಲ್ಲ ನಿಲ್ಲುತ್ತವೆ. ಮಳೆಗಾಲದ ಆಟಿ ತಿಂಗಳಲ್ಲಿ ಮದುವೆಯೂ ಇಲ್ಲ. ಅಂಥ ಒಂದು ಮಳೆಗಾಲದಲ್ಲಿ ನಾನು ಇದನ್ನು ಕಲಿಯಲು ಕೂತೆ.

ಪಿಎಚ್‌ಪಿಯೇ ಯಾಕೆ? ಪುಟಗಳನ್ನು ಅಂತರ್ಜಾಲದಲ್ಲಿ ಇಡಲು ಬಾಡಿಗೆಗೆ ಸಿಗುವ ಜಾಗಕ್ಕೆ ಹೋಸ್ಟಿಂಗ್ ಅನ್ನುತ್ತಾರೆ. ಕಡಿಮೆ ಬಾಡಿಗೆಯ ಹೋಸ್ಟಿಂಗ್‌ನಲ್ಲೂ ಅದು ಸಿಗುತ್ತದೆ. ಒಂದು ಫೈಲ್ ಬರೆದು ಫೋಲ್ಡರ್‌ಗೆ ಹಾಕಿದರೆ ಪುಟ ಓಡುತ್ತದೆ, ಬೇರೆ ಸಿದ್ಧತೆ ಬೇಡ. ಇದರ ಹುಟ್ಟು ಕೂಡ ಸ್ವಂತ ಉಪಯೋಗಕ್ಕೇ ಆದದ್ದು. ರಾಸ್ಮಸ್ ಲೆರ್ಡಾರ್ಫ್ 1994ರಲ್ಲಿ ತನ್ನ ಬಯೋಡೇಟಾ ಪುಟವನ್ನು ಯಾರ್ಯಾರು ನೋಡುತ್ತಾರೆ ಎಂದು ತಿಳಿಯಲು ಸಣ್ಣ ಪ್ರೋಗ್ರಾಂಗಳನ್ನು ಬರೆದುಕೊಂಡರು. 1995ರಲ್ಲಿ ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಇವತ್ತು ವೆಬ್‌ಸೈಟ್ ಮಾಡಲು ಬಳಸುವ ವರ್ಡ್‌ಪ್ರೆಸ್ ಇದರಲ್ಲೇ ಇದೆ. ನಾವು ಓದುವ ಕನ್ನಡ ವಿಕಿಪೀಡಿಯ ಓಡುವುದೂ ಪಿಎಚ್‌ಪಿಯಲ್ಲಿ ಬರೆದ ಮೀಡಿಯಾವಿಕಿ ಎಂಬ ತಂತ್ರಾಂಶದ ಮೇಲೆ.

ಅಂಗಡಿಯ ಹಳೆ ಲ್ಯಾಪ್‌ಟಾಪ್‌ಗೆ ಎಕ್ಸಾಂಪ್ ಎಂಬ ತಂತ್ರಾಂಶ ಹಾಕಿಕೊಂಡೆ. ಬ್ರೌಸರ್ ಕೇಳಿದ ಪುಟ ಕಳಿಸುವ ಅಪಾಚೆ ಸರ್ವರ್, ಮಾಹಿತಿ ಕೂಡಿಡುವ ಡೇಟಾಬೇಸ್, ಪಿಎಚ್‌ಪಿ ಮೂರೂ ಅದರಲ್ಲಿ ಒಟ್ಟಿಗೆ ಬರುತ್ತವೆ. ಮೊದಲ ಫೈಲ್‌ನಲ್ಲಿ ಬರೆದದ್ದು ಇವತ್ತಿನ ತಾರೀಕು ತೋರಿಸುವ ಒಂದೇ ಸಾಲು. ಬ್ರೌಸರ್‌ನಲ್ಲಿ ತಾರೀಕು ಬಂತು. ಆಮೇಲೆ ಪುಟದ ಮೇಲೆ ರೈಟ್ ಕ್ಲಿಕ್ ಮಾಡಿ ಸೋರ್ಸ್ ತೆರೆದು ನೋಡಿದೆ. ಅಲ್ಲಿ ನಾನು ಬರೆದ ಸಾಲೇ ಇಲ್ಲ! ಬರೀ ತಾರೀಕು ಇದೆ. ಇಡೀ ವಿಷಯದ ಬೇರು ಇಲ್ಲೇ ಇದೆ ಅಂತ ನನಗೆ ಅನಿಸುತ್ತದೆ. ಪಿಎಚ್‌ಪಿ ಸರ್ವರ್‌ನಲ್ಲೇ ಓಡಿ ಮುಗಿಯುತ್ತದೆ. ಬ್ರೌಸರ್‌ಗೆ ತಲುಪುವುದು ಅದು ಉಳಿಸಿಹೋದ ಎಚ್‌ಟಿಎಂಎಲ್, ಅಂದರೆ ಪುಟದ ಬರಹ ಮತ್ತು ವಿನ್ಯಾಸದ ಗುರುತುಗಳು ಮಾತ್ರ. ಪುಟ ಕಳಿಸಿದ ಕೂಡಲೇ ಆ ಓಟದಲ್ಲಿ ಮಾಹಿತಿ ಇಟ್ಟುಕೊಂಡಿದ್ದ ವೇರಿಯೇಬಲ್‌ಗಳೆಲ್ಲ ಅಳಿಸಿಹೋಗುತ್ತವೆ. ಮುಂದಿನ ಕ್ಲಿಕ್‌ಗೆ ಎಲ್ಲ ಮೊದಲಿನಿಂದ ಶುರು. ಯಾರು ಏನು ಕಲಿಸಿದರೂ ಈ ಒಂದು ಮಾತನ್ನು ತಲೆಯಲ್ಲಿ ಇಟ್ಟುಕೊಳ್ಳಿ. ಫಾರಂ, ಸೆಷನ್, ಡೇಟಾಬೇಸ್ ಯಾಕೆ ಬೇಕು ಎಂಬುದಕ್ಕೆಲ್ಲ ಅದರಲ್ಲೇ ಉತ್ತರ ಸಿಗುತ್ತದೆ.

ಭಾಷೆಯ ಮೂಲ ಪಾಠ ದೊಡ್ಡದೇನಲ್ಲ. ವೇರಿಯೇಬಲ್ ಮುಂದೆ ಡಾಲರ್ ಗುರುತು, ಸಾಲಿನ ಕೊನೆಗೆ ಸೆಮಿಕೋಲನ್, ಇಫ್, ಫಾರ್‌ಈಚ್, ಅರೇ, ಫಂಕ್ಷನ್. ಇಷ್ಟು ಗೊತ್ತಾದರೆ ಕೆಲಸ ಶುರು ಮಾಡಬಹುದು. ಅರೇ ಒಂದನ್ನು ಮಾತ್ರ ಚೆನ್ನಾಗಿ ಕಲಿಯಿರಿ. ಕುರ್ಚಿ ಎಷ್ಟು, ಮೇಜು ಎಷ್ಟು, ಕೊಪ್ಪರಿಗೆ ಎಷ್ಟು ಅಂತ ಹೆಸರಿನ ಎದುರು ಸಂಖ್ಯೆ ಇಡುವುದು ಪಿಎಚ್‌ಪಿಯಲ್ಲಿ ಬಹಳ ಸುಲಭ. ನಮ್ಮ ಸ್ಟಾಕ್ ಪುಸ್ತಕ ಹಾಗೆಯೇ ಒಂದು ಅರೇ ಆಯಿತು.

ತಲೆ ಜಾಸ್ತಿ ಓಡಿಸಬೇಕಾಗಿ ಬಂದದ್ದು ತಾರೀಕಿನ ಲೆಕ್ಕದಲ್ಲಿ. ಕುರ್ಚಿ ಮದುವೆಯ ಹಿಂದಿನ ದಿನ ಹೋಗುತ್ತದೆ, ಮರುದಿನ ವಾಪಸ್ ಬರುತ್ತದೆ. ಹಾಗಾಗಿ ಪ್ರತಿ ಆರ್ಡರ್‌ಗೂ ಎರಡು ತಾರೀಕು. ನಮ್ಮಲ್ಲಿ ಸಾವಿರ ಕುರ್ಚಿ ಇದೆ ಅಂತಿಟ್ಟುಕೊಳ್ಳಿ. ಒಬ್ಬರು 9ರಿಂದ 10ರವರೆಗೆ 400 ತೆಗೆದುಕೊಂಡಿದ್ದಾರೆ. ಇನ್ನೊಬ್ಬರು 13ರಿಂದ 14ರವರೆಗೆ 400. ಈಗ ಹೊಸಬರು 10ರಿಂದ 13ರವರೆಗೆ 500 ಕೇಳುತ್ತಾರೆ. ತಾರೀಕು ತಾಗುವ ಆರ್ಡರ್‌ಗಳನ್ನೆಲ್ಲ ಕೂಡಿಸಿದರೆ 800 ಹೋಯಿತು, ಉಳಿದದ್ದು 200, ಆಗುವುದಿಲ್ಲ ಅನ್ನಬೇಕಾಗುತ್ತದೆ. ನಿಜ ನೋಡಿದರೆ ಯಾವ ದಿನವೂ 400ಕ್ಕಿಂತ ಹೆಚ್ಚು ಹೊರಗೆ ಇಲ್ಲ. 10ಕ್ಕೆ ಮೊದಲನೆಯವರದ್ದು, 13ಕ್ಕೆ ಎರಡನೆಯವರದ್ದು, ನಡುವೆ ಯಾರದ್ದೂ ಇಲ್ಲ. ಧಾರಾಳವಾಗಿ 600 ಕೊಡಬಹುದು. ಆದ್ದರಿಂದ ಲೆಕ್ಕವನ್ನು ಒಂದೊಂದು ದಿನಕ್ಕೆ ಬೇರೆ ಬೇರೆ ಮಾಡಬೇಕು. ಆ ದಿನ ಹೊರಗಿರುವ ಕುರ್ಚಿಗಳನ್ನು ಕೂಡಿಸುವುದು, ಎಲ್ಲ ದಿನಗಳಲ್ಲಿ ಅತಿ ಹೆಚ್ಚು ಯಾವುದೋ ಅದನ್ನು ಒಟ್ಟು ಕುರ್ಚಿಯಿಂದ ಕಳೆಯುವುದು. ಪಿಎಚ್‌ಪಿಯಲ್ಲಿ ದಿನಗಳನ್ನು ಒಂದೊಂದಾಗಿ ಕೊಡುವ ಡೇಟ್‌ಪೀರಿಯಡ್ ಅಂತ ಒಂದಿದೆ. ಅದು ಸುಮ್ನೆ ಬಿಟ್ಟರೆ ಕೊನೆಯ ದಿನವನ್ನು ಸೇರಿಸುವುದಿಲ್ಲ. ಕೊನೆಯ ತಾರೀಕಿಗೆ ಒಂದು ದಿನ ಕೂಡಿಸಿ ಕೊಡಬೇಕು. ಪಿಎಚ್‌ಪಿ 8.2ರಿಂದ ಕೊನೆಯ ದಿನವನ್ನೂ ಸೇರಿಸು ಅಂತ ಹೇಳುವ ದಾರಿಯೂ ಇದೆ.

ಈ ಫಂಕ್ಷನ್ ಇಪ್ಪತ್ತು ಸಾಲೂ ಇಲ್ಲ. ಆದರೆ ಅದನ್ನು ಬರೆಯುವಾಗ ಲೂಪ್, ಅರೇ, ಹೋಲಿಕೆ ಎಲ್ಲ ಕೈಗೆ ಹತ್ತಿದವು. ಪುಸ್ತಕದ ಉದಾಹರಣೆಯಲ್ಲಿ ಉತ್ತರ ಸರಿಯೋ ತಪ್ಪೋ ಅಂತ ಹೇಳಲು ಬೇರೆಯವರು ಬೇಕು. ನಮ್ಮದೇ ಲೆಕ್ಕ ಆದರೆ ನೋಡಿದ ಕೂಡಲೇ ನಮಗೇ ಗೊತ್ತಾಗುತ್ತದೆ, ಅಲ್ವಾ?

ಇನ್ನು ಫಾರಂ. ಬ್ರೌಸರ್ ಅದನ್ನು ಸರ್ವರ್‌ಗೆ ಕಳಿಸುವುದು ಎರಡು ಬಗೆಯಲ್ಲಿ. ಹುಡುಕುವ ಫಾರಂಗೆ ಗೆಟ್, ಬರೆದಿಡುವ ಫಾರಂಗೆ ಪೋಸ್ಟ್, ಇಷ್ಟು ನಿಯಮ ಸಾಕು. ಪೋಸ್ಟ್‌ನಲ್ಲಿ ಒಂದು ತೊಡಕು ಇದೆ. ಆರ್ಡರ್ ಸೇವ್ ಆದ ಪುಟವನ್ನು ರಿಫ್ರೆಶ್ ಮಾಡಿದರೆ ಬ್ರೌಸರ್ ಅದೇ ಫಾರಂ ಅನ್ನು ಮತ್ತೆ ಕಳಿಸಬಹುದು. ಆಗ ಒಂದೇ ಮದುವೆಗೆ ಎರಡು ಆರ್ಡರ್ ಬೀಳುತ್ತದೆ. ಸೇವ್ ಆದ ಕೂಡಲೇ ಬ್ರೌಸರ್ ಅನ್ನು ಬೇರೆ ಪುಟಕ್ಕೆ ಕಳಿಸಿಬಿಟ್ಟರೆ ಈ ತೊಂದರೆ ಇಲ್ಲ. ಕಳಿಸುವುದು ಹೆಡರ್ ಎಂಬ ಫಂಕ್ಷನ್. ಅದಕ್ಕಿಂತ ಮೊದಲು ಪುಟದಿಂದ ಒಂದು ಅಕ್ಷರವೂ ಹೊರಗೆ ಹೋಗಿರಬಾರದು.

ಇಲ್ಲಿ ಕನ್ನಡದಲ್ಲಿ ಕೆಲಸ ಮಾಡುವವರು ತಿಳಿದಿರಬೇಕಾದ ವಿಷಯ ಒಂದಿದೆ. ಫೈಲ್‌ನಲ್ಲಿ ಕನ್ನಡ ಅಕ್ಷರ ಇದ್ದರೆ ಕನ್ನಡದಂಥ ಲಿಪಿಗಳನ್ನೂ ಬರೆದಿಡುವ ಯುಟಿಎಫ್-8 ಆಗಿ ಸೇವ್ ಮಾಡಬೇಕು. ಹಳೆ ವಿಂಡೋಸ್ ನೋಟ್‌ಪ್ಯಾಡ್ ಹಾಗೆ ಸೇವ್ ಮಾಡುವಾಗ ಫೈಲ್‌ನ ತಲೆಗೆ ಮೂರು ಬೈಟ್‌ನ ಗುರುತು ಸೇರಿಸುತ್ತದೆ. ಅದಕ್ಕೆ ಬಿಒಎಂ ಅನ್ನುತ್ತಾರೆ. ಕಣ್ಣಿಗೆ ಕಾಣುವುದಿಲ್ಲ. ಆದರೆ ಪಿಎಚ್‌ಪಿ ಅದನ್ನು ಪುಟದ ಭಾಗ ಅಂತ ಹೊರಗೆ ಕಳಿಸಿಬಿಡಬಹುದು. ಆಗ ಹೆಡರ್ ಆಗಲೇ ಹೋಗಿಯಾಯಿತು ಎಂಬ ಎಚ್ಚರಿಕೆ ಬರುತ್ತದೆ. ಮೊದಲ ಸಾಲಿನಲ್ಲಿ ಏನೂ ಇಲ್ಲದಿದ್ದರೂ ತಪ್ಪು ಅಲ್ಲೇ ಇದೆ ಅಂತ ತೋರಿಸುತ್ತದೆ. ವಿಎಸ್ ಕೋಡ್ ಅಥವಾ ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ಬಿಒಎಂ ಇಲ್ಲದ ಯುಟಿಎಫ್-8 ಆರಿಸಿ ಸೇವ್ ಮಾಡಿದರೆ ಮುಗಿಯಿತು.

ಡೇಟಾಬೇಸ್ ಬಗ್ಗೆ ನನಗೆ ಹೇಳಲೇಬೇಕಾದದ್ದು ಗಿರಾಕಿಗಳ ಹೆಸರಿನ ವಿಷಯ. ನಮ್ಮ ಕರಾವಳಿಯಲ್ಲಿ ಡಿ'ಸೋಜಾ, ಡಿ'ಸಿಲ್ವಾ, ಡಿ'ಮೆಲ್ಲೊ ಎಷ್ಟು ಮನೆಗಳಿವೆ! ಆ ಹೆಸರಿನ ನಡುವೆ ಒಂದು ಕೊಕ್ಕೆ ಇದೆಯಲ್ಲ, ಡೇಟಾಬೇಸ್‌ಗೆ ಆಜ್ಞೆ ಕೊಡುವ ಎಸ್‌ಕ್ಯೂಎಲ್ ಭಾಷೆಯಲ್ಲಿ ಪಠ್ಯ ಇಲ್ಲಿಗೆ ಮುಗಿಯಿತು ಅಂತ ಹೇಳುವುದೂ ಅದೇ ಗುರುತು. ಹೆಸರನ್ನು ಹಾಗೇ ಎಸ್‌ಕ್ಯೂಎಲ್ ಸಾಲಿಗೆ ಅಂಟಿಸಿದರೆ ಡೇಟಾಬೇಸ್ "ಡಿ" ಎಂಬುದಕ್ಕೆ ಹೆಸರು ಮುಗಿಯಿತು ಅಂದುಕೊಳ್ಳುತ್ತದೆ. ಉಳಿದ "ಸೋಜಾ"ವನ್ನು ಆಜ್ಞೆ ಅಂತ ಓದಲು ಹೋಗಿ ನಿಂತುಬಿಡುತ್ತದೆ. ಪಾಪ, ಇಲ್ಲಿ ಗಿರಾಕಿ ತನ್ನ ಹೆಸರು ಹೇಳಿದ್ದು ಅಷ್ಟೇ. ಬೇಕೆಂದೇ ಹಾಳು ಮಾಡಲು ಬಂದವನು ಆ ಕೊಕ್ಕೆಯ ನಂತರ ನಿಜವಾದ ಆಜ್ಞೆಯನ್ನೇ ಬರೆಯಬಹುದು. ಎಸ್‌ಕ್ಯೂಎಲ್ ಇಂಜೆಕ್ಷನ್ ಅನ್ನುವುದು ಇದನ್ನೇ. ಪಾಠಗಳಲ್ಲಿ ಇದನ್ನು ಕೊನೆಯ ಅಧ್ಯಾಯಕ್ಕೆ ಇಡುತ್ತಾರೆ. ಉಡುಪಿ, ಮಂಗಳೂರಿನಲ್ಲಿ ಕಲಿಯುವವರಿಗೆ ಇದು ಮೊದಲ ದಿನದ ಪಾಠ ಆಗಬೇಕು ಎಂದು ನಾನು ಹೇಳುತ್ತೇನೆ.

ಪರಿಹಾರ ಪಿಡಿಒ, ಅಂದರೆ ಡೇಟಾಬೇಸ್ ಜೊತೆ ಮಾತಾಡಲು ಪಿಎಚ್‌ಪಿಯಲ್ಲೇ ಇರುವ ಸೌಲಭ್ಯ. 2005ರಲ್ಲಿ ಪಿಎಚ್‌ಪಿ 5.1ರ ಜೊತೆ ಬಂದದ್ದು. ಎಸ್‌ಕ್ಯೂಎಲ್ ಸಾಲಿನಲ್ಲಿ ಹೆಸರಿನ ಜಾಗಕ್ಕೆ ಒಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟು, ಹೆಸರನ್ನು ಬೇರೆಯಾಗಿ ಕೊಡುವುದು. ಆಗ ಹೆಸರಿನಲ್ಲಿ ಏನೇ ಇದ್ದರೂ ಅದು ಹೆಸರಾಗಿಯೇ ಉಳಿಯುತ್ತದೆ. ಅಂತರ್ಜಾಲದಲ್ಲಿ ಸಿಗುವ ಹಳೆ ಪಾಠಗಳಲ್ಲಿ ಮೈಎಸ್‌ಕ್ಯೂಎಲ್ ಅಂಡರ್‌ಸ್ಕೋರ್ ಕ್ವೆರಿ ಅಂತ ಒಂದು ಫಂಕ್ಷನ್ ಇರುತ್ತದೆ. 2015ರ ಕೊನೆಗೆ ಬಂದ ಪಿಎಚ್‌ಪಿ 7ರಲ್ಲಿ ಅದನ್ನು ತೆಗೆದೇ ಹಾಕಿದ್ದಾರೆ. ಅದು ಕಂಡರೆ ಆ ಪಾಠ ಮುಚ್ಚಿ ಬೇರೆಯದು ನೋಡಿ. ಹಾಗೆಯೇ, ಗಿರಾಕಿ ಬರೆದದ್ದನ್ನು ಪುಟದಲ್ಲಿ ತೋರಿಸುವಾಗ ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್ ಮೂಲಕವೇ ತೋರಿಸಿ. ಯಾರಾದರೂ ಹೆಸರಿನ ಜಾಗದಲ್ಲಿ ಸ್ಕ್ರಿಪ್ಟ್ ಬರೆದಿಟ್ಟರೂ ಅದು ಓಡುವುದಿಲ್ಲ.

ಕನ್ನಡದಲ್ಲೇ ದಾಖಲೆ ಇರಬೇಕು ಅನ್ನುವುದು ನಮ್ಮ ಹಟ. ಟೆಂಪೋದ ಹುಡುಗರು ಮೊಬೈಲ್‌ನಲ್ಲಿ ಓದಬೇಕಲ್ಲ. ಇದಕ್ಕೆ ಮೂರು ಸಂಗತಿ ನೋಡಿಕೊಳ್ಳಬೇಕಾಯಿತು. ಡೇಟಾಬೇಸ್‌ನ ಟೇಬಲ್ ಮತ್ತು ಪಿಡಿಒ ಸಂಪರ್ಕ ಎರಡರಲ್ಲೂ ಅಕ್ಷರಗಳ ಬಗೆ ಯುಟಿಎಫ್8ಎಂಬಿ4 (ಡೇಟಾಬೇಸ್‌ನಲ್ಲಿ ಯುಟಿಎಫ್-8ರ ಹೆಸರು) ಅಂತ ಇರಬೇಕು. ಇಲ್ಲದಿದ್ದರೆ ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಾಣಬಹುದು. ಎರಡನೆಯದು ಉದ್ದದ ಲೆಕ್ಕ. "ಉಡುಪಿ" ಎಷ್ಟು ಉದ್ದ? ಎಸ್‌ಟಿಆರ್‌ಲೆನ್ ಕೇಳಿದರೆ 15 ಅನ್ನುತ್ತದೆ, ಯಾಕೆಂದರೆ ಅದು ಎಣಿಸುವುದು ಬೈಟ್. ಎಂಬಿ ಎಸ್‌ಟಿಆರ್‌ಲೆನ್ 5 ಅನ್ನುತ್ತದೆ. ಉ, ಡ, ಉಕಾರ, ಪ, ಇಕಾರ, ಪ್ರತಿಯೊಂದಕ್ಕೂ ಮೂರು ಬೈಟ್. ನಾವು ಓದುವ ಹಾಗೆ 3 ಅಂತ ಹೇಳುವುದು ಗ್ರಾಫೀಮ್ ಎಸ್‌ಟಿಆರ್‌ಲೆನ್ ಮಾತ್ರ. ಪಟ್ಟಿಯಲ್ಲಿ ಉದ್ದ ಹೆಸರನ್ನು ಕತ್ತರಿಸುವಾಗ ಈ ಮೂರನೆಯ ಬಗೆಯ ಫಂಕ್ಷನ್ ಬಳಸಿ. ಬೈಟ್ ಲೆಕ್ಕದಲ್ಲಿ ಕತ್ತರಿಸಿದರೆ ಅಕ್ಷರದ ನಡುವೆಯೇ ಕತ್ತರಿ ಬೀಳುತ್ತದೆ.

ಮೂರನೆಯದು ಅಂಕಿ. ನಮ್ಮ ಹಿರಿಯ ಕೆಲಸಗಾರರೊಬ್ಬರು ಕನ್ನಡ ಕೀಬೋರ್ಡ್‌ನಲ್ಲಿ ೨೦೦ ಅಂತಲೇ ಒತ್ತುತ್ತಾರೆ. ಅವರ ಮಟ್ಟಿಗೆ ಅದು ಸರಿಯೇ. ಪಿಎಚ್‌ಪಿಗೆ ಅದು ಸಂಖ್ಯೆ ಅಲ್ಲ. ಇಂಟ್ ಆಗಿ ಬದಲಿಸಲು ಹೇಳಿದರೆ ಸದ್ದಿಲ್ಲದೆ 0 ಮಾಡುತ್ತದೆ. ಅವರಿಗೆ ಹಾಗೆ ಒತ್ತಬೇಡಿ ಅನ್ನುವುದು ನನಗೆ ಸರಿ ಕಾಣಲಿಲ್ಲ. ಎಸ್‌ಟಿಆರ್‌ಟಿಆರ್ ಎಂಬ ಫಂಕ್ಷನ್‌ಗೆ ೦ರಿಂದ ೯ರವರೆಗೆ ಯಾವುದರ ಬದಲಿಗೆ ಯಾವುದು ಅಂತ ಒಂದು ಅರೇ ಕೊಟ್ಟೆ. ಈಗ ಅವರು ಹೇಗೆ ಬರೆದರೂ ನಡೆಯುತ್ತದೆ.

ಸೆಷನ್ ಬಗ್ಗೆ ಸಣ್ಣ ಮಾತು. ಸರ್ವರ್ ಪ್ರತಿ ಸಲ ಎಲ್ಲ ಮರೆಯುತ್ತದೆ ಅಂದೆನಲ್ಲ, ಹಾಗಾದರೆ ಲಾಗಿನ್ ಆದವರು ಯಾರೆಂದು ಹೇಗೆ ನೆನಪಿರುತ್ತದೆ? ದೇವಸ್ಥಾನದ ಹೊರಗೆ ಚಪ್ಪಲಿ ಇಟ್ಟು ಟೋಕನ್ ತೆಗೆದುಕೊಳ್ಳುತ್ತೇವಲ್ಲ, ಹಾಗೆ. ಟೋಕನ್ ಸಂಖ್ಯೆ ಕುಕೀ ಎಂಬ ಸಣ್ಣ ಚೀಟಿಯಾಗಿ ಬ್ರೌಸರ್‌ನಲ್ಲಿ ಇರುತ್ತದೆ, ವಸ್ತು ಸರ್ವರ್‌ನಲ್ಲೇ ಇರುತ್ತದೆ. ಆ ಟೋಕನ್ ಬೇರೆಯವರ ಕೈಗೆ ಹೋಗಬಾರದು. ಆದ್ದರಿಂದ ಹೊರಗಿನ ಹೋಸ್ಟಿಂಗ್‌ಗೆ ಹಾಕುವಾಗ ನಡುವೆ ಯಾರೂ ಓದದ ಹಾಗೆ ಮಾಹಿತಿ ಕಳಿಸುವ ಎಚ್‌ಟಿಟಿಪಿಎಸ್ ಇಲ್ಲದೆ ಹಾಕಬೇಡಿ. ಪಾಸ್‌ವರ್ಡ್ ಇಡುವುದು ಪಾಸ್‌ವರ್ಡ್ ಹ್ಯಾಶ್ ಫಂಕ್ಷನ್‌ನಿಂದಲೇ. ಸ್ವಂತ ಉಪಾಯ ಬೇಡ.

ಹೋಸ್ಟಿಂಗ್‌ಗೆ ಹೋದ ಮೇಲೆ ಎದುರಾದದ್ದು ಗಡಿಯಾರ. ಬೆಳಿಗ್ಗೆ ಐದಕ್ಕೆ ಟೆಂಪೋ ಲೋಡ್ ಆಗುವಾಗ ಹುಡುಗ ಮೊಬೈಲ್ ಹಿಡಿದು ಕೇಳಿದ, "ಅಕ್ಕಾ, ಇದ್ರಲ್ಲಿ ನಿನ್ನೆದ್ದೇ ಪಟ್ಟಿ ಬರ್ತಾ ಉಂಟಲ್ಲ?" ಅವನು ಹೇಳಿದ್ದು ಸರಿ. ಸರ್ವರ್ ಇದ್ದದ್ದು ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿ. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಆದ್ದರಿಂದ ಬೆಳಗಿನ ಐದೂವರೆವರೆಗೂ ಅದಕ್ಕೆ ನಿನ್ನೆಯೇ. ಪಿಎಚ್‌ಪಿಯಲ್ಲಿ ಸಮಯ ವಲಯವನ್ನು ಏಷ್ಯಾ/ಕೋಲ್ಕತಾ ಮಾಡಿದರೆ ಅರ್ಧ ಕೆಲಸ. ಡೇಟಾಬೇಸ್‌ಗೆ ಅದರದ್ದೇ ಗಡಿಯಾರ ಇದೆ. ಸಂಪರ್ಕ ಆದ ಕೂಡಲೇ ಅದಕ್ಕೂ +05:30 ಅಂತ ಹೇಳಬೇಕು.

ಲಾರಾವೆಲ್‌ನಂಥ ಫ್ರೇಮ್‌ವರ್ಕ್, ಅಂದರೆ ಮೊದಲೇ ಬರೆದಿಟ್ಟ ಪಿಎಚ್‌ಪಿ ಚೌಕಟ್ಟು, ಯಾಕೆ ಬಳಸಲಿಲ್ಲ ಅಂತ ಕೆಲವರು ಕೇಳುತ್ತಾರೆ. ಅದು ಒಳ್ಳೆಯದೇ, ದೊಡ್ಡ ಕೆಲಸಕ್ಕೆ ಬೇಕು. ಆದರೆ ಮೇಲೆ ಹೇಳಿದ ಕೊಕ್ಕೆ, ಟೋಕನ್ ಇವುಗಳನ್ನೆಲ್ಲ ಅದು ಒಳಗೊಳಗೇ ನೋಡಿಕೊಳ್ಳುತ್ತದೆ. ಅವು ಯಾಕೆ ಬೇಕು ಎಂದು ಬರಿಗೈಯಲ್ಲಿ ಒಮ್ಮೆ ನೋಡಿದವರು ಫ್ರೇಮ್‌ವರ್ಕ್ ಅನ್ನು ಬೇಗ ಹಿಡಿಯುತ್ತಾರೆ ಎಂದು ನನ್ನ ನಂಬಿಕೆ.

ಈಗ ಫೋನ್ ಬಂದರೆ ಅಣ್ಣ ಎರಡು ತಾರೀಕು ಒತ್ತಿ ಅಲ್ಲೇ ಉತ್ತರ ಹೇಳುತ್ತಾನೆ. ದಿನಾ ರಾತ್ರಿ ಡೇಟಾಬೇಸ್‌ನ ಒಂದು ಪ್ರತಿ ಬೇರೆ ಕಡೆ ಉಳಿಯುವ ಹಾಗೆ ಮಾಡಿದ್ದೇನೆ. ಬಾಕಿ ಇರುವುದು ವಾಪಸ್ ಬಂದ ಪಾತ್ರೆಯ ಲೆಕ್ಕ. ಹೋದ ಸೌಟು ಎಷ್ಟು, ಬಂದದ್ದು ಎಷ್ಟು, ಕುಂದಿದ್ದಕ್ಕೆ ಎಷ್ಟು ಹಣ. ಅದಕ್ಕೆ ಆರ್ಡರ್ ಟೇಬಲ್‌ಗೆ ಹೊಂದಿಕೊಂಡು ಇನ್ನೊಂದು ಟೇಬಲ್ ಬೇಕು. ಎರಡನ್ನೂ ಒಟ್ಟಿಗೆ ಬರೆಯುವಾಗ ಒಂದು ಬರೆದು ಇನ್ನೊಂದು ಬಿಟ್ಟುಹೋಗದಂತೆ ಟ್ರಾನ್ಸಾಕ್ಷನ್ ಹಾಕಬೇಕು. ಬರುವ ಮಳೆಗಾಲದ ಕೆಲಸ ಅದು.