ಬಸುರಿ ಮೀನನ್ನು ಹಿಡಿಯಬೇಡಿ, ಟ್ಯಾಂಕ್ ಸಿದ್ಧ ಮಾಡಿ

ಗಪ್ಪಿ, ಮೋಲಿ, ಪ್ಲಾಟಿ, ಸ್ವೋರ್ಡ್‌ಟೇಲ್ ಸಾಕುವವರಿಗೆ ಇವತ್ತಲ್ಲ ನಾಳೆ ಈ ಪ್ರಶ್ನೆ ಬಂದೇ ಬರುತ್ತದೆ. ಹೆಣ್ಣು ಮೀನಿನ ಹೊಟ್ಟೆ ದಪ್ಪ ಆಗಿದೆ, ಈಗೇನು ಮಾಡೋದು? ಬಹಳ ಜನ ಬಲೆ ಹಾಕಿ ಅದನ್ನು ಹಿಡಿದು ಪುಟ್ಟ ಪ್ಲಾಸ್ಟಿಕ್ ಡಬ್ಬಿಗೆ ಬಿಡುತ್ತಾರೆ. ನನ್ನ ಮಾತು ಕೇಳುವುದಾದರೆ ಸಾಧ್ಯವಾದಷ್ಟು ಆ ಕೆಲಸ ಮಾಡಲೇಬೇಡಿ. ತಾಯಿ ಇದ್ದಲ್ಲೇ ಇರಲಿ, ಬದಲಾಗಬೇಕಾದ್ದು ಅದರ ಸುತ್ತಲಿನ ವ್ಯವಸ್ಥೆ.

ಮೊದಲು, ಬಸುರಿ ಹೌದೋ ಅಲ್ಲವೋ ನೋಡಿ

ಈ ಮೀನುಗಳು ಹೊರಗೆ ಮೊಟ್ಟೆ ಇಡುವುದಿಲ್ಲ. ಮೊಟ್ಟೆ ತಾಯಿಯ ಹೊಟ್ಟೆಯೊಳಗೇ ಬೆಳೆದು, ಈಜಬಲ್ಲ ಮರಿಯಾಗಿಯೇ ಹೊರಗೆ ಬರುತ್ತದೆ. ಹೊಟ್ಟೆ ಮುಗಿದು ಬಾಲದ ಕಡೆ ಸಪೂರ ಆಗುವ ಜಾಗದಲ್ಲಿ ಒಂದು ಕಪ್ಪು ಮಚ್ಚೆ ಇರುತ್ತದೆ. ಬಸುರಿನ ದಿನ ಕಳೆದ ಹಾಗೆ ಅದು ದೊಡ್ಡದಾಗುತ್ತಾ ಗಾಢವಾಗುತ್ತಾ ಹೋಗುತ್ತದೆ. ತಿಳಿ ಬಣ್ಣದ ಗಪ್ಪಿಯಾದರೆ ಕೊನೆಯ ದಿನಗಳಲ್ಲಿ ಆ ಮಚ್ಚೆಯೊಳಗೆ ಸೂಜಿಮೊನೆಯಷ್ಟು ಸಣ್ಣ ಚುಕ್ಕೆಗಳು ಕಾಣುತ್ತವೆ, ಅವು ಮರಿಗಳ ಕಣ್ಣು! ಕಪ್ಪು ಮೋಲಿಯಲ್ಲಿ ಇದ್ಯಾವುದೂ ಕಾಣುವುದಿಲ್ಲ, ಅಲ್ಲಿ ಹೊಟ್ಟೆಯ ಆಕಾರವೇ ಗತಿ. ಮೊದಲು ದುಂಡಗಿದ್ದ ಹೊಟ್ಟೆ ಹೆರಿಗೆ ಹತ್ತಿರ ಬಂದಾಗ ಮುಂದಿನಿಂದ ಚೌಕಾಕಾರಕ್ಕೆ ತಿರುಗುತ್ತದೆ.

ಹೊಟ್ಟೆ ಊದಿದ್ದೆಲ್ಲಾ ಬಸುರು ಅಲ್ಲ. ಹುರುಪೆಗಳು ಮೈಯಿಂದ ಎದ್ದು ನಿಂತಿದ್ದರೆ, ಮೀನು ಮಂಕಾಗಿ ಊಟ ಬಿಟ್ಟಿದ್ದರೆ ಅದು ಕಾಯಿಲೆ. ಮೇಲಿನಿಂದ ನೋಡಿದಾಗ ಈ ಎದ್ದ ಹುರುಪೆ ಚೆನ್ನಾಗಿ ಗೊತ್ತಾಗುತ್ತದೆ. ಅಂಥ ಮೀನನ್ನು ಮಾತ್ರ ತಕ್ಷಣ ಬೇರೆ ಮಾಡಿ.

ಟ್ಯಾಂಕ್‌ನಲ್ಲಿ ಗಂಡೇ ಇಲ್ಲವಲ್ಲ ಅಂತ ಕೆಲವರಿಗೆ ಗೊಂದಲ. ಒಮ್ಮೆ ಕೂಡಿದ ಹೆಣ್ಣು ಗಂಡಿನ ವೀರ್ಯವನ್ನು ತಿಂಗಳುಗಟ್ಟಲೆ ಒಳಗೇ ಉಳಿಸಿಕೊಂಡು, ಅದರಿಂದಲೇ ಹಲವು ಸಲ ಮರಿ ಹಾಕಬಲ್ಲದು. ಹಾಗಾಗಿ ಅಂಗಡಿಯಿಂದ ತಂದ ಒಂಟಿ ಹೆಣ್ಣು ಮರಿ ಹಾಕಿದರೆ ಆಶ್ಚರ್ಯ ಬೇಡ. ಒಂದು ಹೆರಿಗೆಯಿಂದ ಇನ್ನೊಂದಕ್ಕೆ ಗಪ್ಪಿ, ಪ್ಲಾಟಿಗೆ ಸುಮಾರು 4 ವಾರ ಹಿಡಿಯುತ್ತದೆ, ಮೋಲಿಗೆ ಅದಕ್ಕಿಂತ ಜಾಸ್ತಿ. ನೀರು ತಣ್ಣಗಿದ್ದರೆ ಇನ್ನೂ ನಿಧಾನ. ಮರಿ ಹಾಕಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ, ಮುಂದಿನ ಸಲ ಊಹೆ ಮಾಡಲು ಅದೇ ಸಾಕು.

ನೀರು, ಗಂಡು, ಗಿಡ

ನೀರಿನ ಬಿಸಿ 24ರಿಂದ 28 ಡಿಗ್ರಿ ಸೆಲ್ಸಿಯಸ್ ಒಳಗೆ ಇರಲಿ, ದಿನದಿಂದ ದಿನಕ್ಕೆ ಏರುಪೇರು ಆಗದಿರಲಿ. ಈ ಮೀನುಗಳಿಗೆ ತುಸು ಗಡಸು ನೀರೇ ಹಿತ. ಪಿಎಚ್, ಅಂದರೆ ನೀರಿನ ಆಮ್ಲ-ಕ್ಷಾರದ ಅಳತೆ, 7ರಿಂದ 8ರ ನಡುವೆ ಇದ್ದರೆ ಅದನ್ನು ಕೆದಕಲು ಹೋಗಬೇಡಿ. ವಾರಕ್ಕೊಮ್ಮೆ ಐದನೇ ಒಂದು ಭಾಗದಷ್ಟು ನೀರು ಬದಲಿಸಿ. ಹೊಸ ನೀರಿನ ಕ್ಲೋರಿನ್ ತೆಗೆದಿರಬೇಕು, ಬಿಸಿಯೂ ಟ್ಯಾಂಕ್‌ನಷ್ಟೇ ಇರಬೇಕು. ಹೆರಿಗೆ ಹತ್ತಿರ ಇದ್ದಾಗ ಟ್ಯಾಂಕ್ ಪೂರ್ತಿ ತೊಳೆದು ಚೊಕ್ಕ ಮಾಡೋಣ ಅನ್ನುವ ಯೋಚನೆ ಬೇಡವೇ ಬೇಡ. ಅಷ್ಟು ದೊಡ್ಡ ಬದಲಾವಣೆಗೆ ತಾಯಿ ಹೆದರಿ, ದಿನ ತುಂಬುವ ಮೊದಲೇ ಮರಿ ಹಾಕಿಬಿಡಬಹುದು.

ಇನ್ನು ಗಂಡು. ಅದು ಬಸುರಿಯನ್ನೂ ಬಿಡದೆ ಅಟ್ಟಿಸಿಕೊಂಡು ಹೋಗುತ್ತದೆ, ಪಾಪ ಅದಕ್ಕೆ ನಿಂತು ಉಸಿರಾಡಲೂ ಬಿಡುವುದಿಲ್ಲ. ಒಂದು ಗಂಡಿಗೆ ಎರಡು ಮೂರು ಹೆಣ್ಣು ಇದ್ದರೆ ಈ ಕಾಟ ಹಂಚಿಹೋಗುತ್ತದೆ. ಗಂಡೇ ಜಾಸ್ತಿ ಇದ್ದರೆ ಬಲೆ ಹಾಕಬೇಕಾದ್ದು ಗಂಡಿಗೆ, ತಾಯಿಗಲ್ಲ.

ಆಮೇಲೆ ಗಿಡ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದೇ ಮುಖ್ಯ. ಜಾವಾ ಮಾಸ್, ಹಾರ್ನ್‌ವರ್ಟ್ ಇಂಥವನ್ನು ಒಂದು ಮೂಲೆಯಲ್ಲಿ ಒತ್ತಾಗಿ ತುಂಬಿಸಿ, ಮೇಲೂ ಸ್ವಲ್ಪ ತೇಲುವ ಗಿಡ ಬಿಡಿ. ಮರಿ ಹೊರಗೆ ಬರುವಾಗ ಮಡಚಿಕೊಂಡಿರುತ್ತದೆ, ಸ್ವಲ್ಪ ಕೆಳಗಿಳಿದು ಮೈ ಬಿಚ್ಚುತ್ತದೆ, ಮರುಕ್ಷಣವೇ ಅಡಗುವ ಜಾಗ ಹುಡುಕಿ ಓಡುತ್ತದೆ. ಆಗ ಎಲೆ ಎಷ್ಟು ಹತ್ತಿರ ಇದೆಯೋ ಅಷ್ಟು ಮರಿ ಉಳಿಯುತ್ತದೆ. ಫಿಲ್ಟರ್ ನೀರು ಎಳೆದುಕೊಳ್ಳುವ ಬಾಯಿಗೆ ಸ್ಪಂಜ್ ಕಟ್ಟುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಮರಿಗಳು ಅದರೊಳಗೆ ಹೋಗಿಬಿಡುತ್ತವೆ.

ಊಟ ದಿನಕ್ಕೆ ಎರಡು ಮೂರು ಸಲ, ಒಂದೆರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಿ. ಫ್ಲೇಕ್ ಅನ್ನುವ ಒಣ ಚಕ್ಕೆ ಆಹಾರದ ಜೊತೆಗೆ ಆಗಾಗ ಆರ್ಟೀಮಿಯಾ (ಸಿಗಡಿಯಂಥ ಪುಟ್ಟ ಉಪ್ಪುನೀರಿನ ಜೀವಿ) ಕೊಡಿ. ಮೋಲಿಗೆ ಸೊಪ್ಪಿನಂಶ ಬೇಕು, ಸ್ಪಿರುಲಿನಾ ಅನ್ನುವ ಪಾಚಿ ಇರುವ ಆಹಾರ ಆಗುತ್ತದೆ.

ಹೆರಿಗೆಯ ಹೊತ್ತು

ತಾಯಿ ಗುಂಪು ಬಿಟ್ಟು ಮೂಲೆ ಸೇರುತ್ತದೆ, ಹೀಟರ್ ಹತ್ತಿರ ಅಥವಾ ಗಿಡದೊಳಗೆ ನಿಂತುಬಿಡುತ್ತದೆ, ಊಟ ಹಾಕಿದರೂ ಬರುವುದಿಲ್ಲ, ಉಸಿರಾಟ ಜೋರಾಗುತ್ತದೆ. ಆಗ ಲೈಟ್ ಆರಿಸಿ, ಗಾಜು ತಟ್ಟಬೇಡಿ, ಮಕ್ಕಳು ಗುಂಪು ಕಟ್ಟಿಕೊಂಡು ಬಗ್ಗಿ ನೋಡುತ್ತಿದ್ದರೆ ಸ್ವಲ್ಪ ದೂರ ಕೂರಿಸಿ. ಒಂದೊಂದೇ ಮರಿ ಬರುತ್ತಾ ಗಂಟೆಗಟ್ಟಲೆ ಆಗಬಹುದು, ನಡುವೆ ನಿಂತು ಮತ್ತೆ ಶುರುವಾಗಬಹುದು. ಗಾಬರಿ ಬೇಡ.

ಟ್ಯಾಂಕ್‌ನಲ್ಲಿ ಏಂಜೆಲ್‌ನಂಥ ದೊಡ್ಡ ಮೀನುಗಳಿದ್ದು ಬೇರೆ ದಾರಿಯೇ ಇಲ್ಲ ಅಂದಾಗ ಮಾತ್ರ ತಾಯಿಯನ್ನು ಬೇರೆ ಮಾಡಿ. ಅದಕ್ಕೂ ಡಬ್ಬಿಗಿಂತ ಗಿಡ ತುಂಬಿದ, ಹಳೇ ಟ್ಯಾಂಕ್‌ನದೇ ನೀರು ಹಾಕಿದ ಇನ್ನೊಂದು ಟ್ಯಾಂಕ್ ಒಳ್ಳೆಯದು. ಬಲೆಯ ಬದಲು ದೊಡ್ಡ ಲೋಟದಲ್ಲಿ ನೀರಿನ ಸಮೇತ ಎತ್ತಿ. ನೋವು ಶುರುವಾದ ಮೇಲೆ ಮುಟ್ಟಬೇಡಿ, ಎರಡು ಮೂರು ದಿನ ಮೊದಲೇ ಆಗಬೇಕು.

ಮರಿ ಬಂದ ಮೇಲೆ

ತಾಯಿಯ ಹೊಟ್ಟೆ ಒಳಗೆ ಸೇರಿಕೊಂಡಿರುತ್ತದೆ, ಹಸಿವೂ ಇರುತ್ತದೆ. ಅದು ತನ್ನ ಮರಿಗಳನ್ನೇ ತಿನ್ನಬಹುದು. ಅದರ ಮೇಲೆ ಸಿಟ್ಟಾಗಬೇಡಿ, ಬಾಯಿಗೆ ಹಿಡಿಸುವಷ್ಟು ಸಣ್ಣದು ಏನು ಕಂಡರೂ ಅದಕ್ಕೆ ಊಟವೇ. ಎಲ್ಲ ಮರಿಗಳನ್ನೂ ಉಳಿಸಲೇಬೇಕು ಅಂದರೆ ಲೋಟದಲ್ಲಿ ಮರಿಗಳನ್ನು ಎತ್ತಿ ಬೇರೆ ಟ್ಯಾಂಕ್‌ಗೆ ಬಿಡಿ, ಅಲ್ಲಿ ಸ್ಪಂಜ್ ಫಿಲ್ಟರ್ ಸಾಕು.

ಫ್ಲೇಕ್ ಅನ್ನು ಬೆರಳಲ್ಲಿ ಉಜ್ಜಿ ಹಿಟ್ಟು ಮಾಡಿ ದಿನಕ್ಕೆ ಮೂರು ನಾಲ್ಕು ಸಲ ಚಿಟಿಕೆಯಷ್ಟು ಉದುರಿಸಿ. ಆಗತಾನೇ ಮೊಟ್ಟೆಯೊಡೆದು ಬಂದ ಆರ್ಟೀಮಿಯಾ ಮರಿ ಕೊಟ್ಟರಂತೂ ಬೆಳವಣಿಗೆ ಕಣ್ಣಿಗೇ ಕಾಣುತ್ತದೆ. ಬೇಯಿಸಿದ ಮೊಟ್ಟೆಯ ಹಳದಿ ಹಾಕಿ ಅಂತ ಹೇಳುವವರಿದ್ದಾರೆ, ಆದರೆ ಅದು ನೀರನ್ನು ಬೇಗ ಕೆಡಿಸುತ್ತದೆ, ನಾನಂತೂ ಬೇಡ ಅನ್ನುತ್ತೇನೆ. ಮರಿ ಜಾಸ್ತಿ ಆಯ್ತು ಅಂತ ಕೆರೆಗೋ ಹೊಳೆಗೋ ಬಿಡಬೇಡಿ, ಅಲ್ಲಿನ ಮೀನುಗಳಿಗೆ ಇವು ಕಂಟಕ. ಸಾಕುವವರಿಗೆ ಕೊಡಿ.

ಮೂರ್ನಾಲ್ಕು ವಾರ ಕಳೆದ ಮೇಲೆ ಗಪ್ಪಿ ಮರಿಗಳ ಹೊಟ್ಟೆಯ ಕೆಳಗಿನ ರೆಕ್ಕೆ ನೋಡುತ್ತಿರಿ. ಅದು ಚೂಪಾಗಿ ಸಪೂರ ಆಗುತ್ತಾ ಬಂದರೆ ಗಂಡು, ಅಗಲವಾಗಿಯೇ ಉಳಿದರೆ ಹೆಣ್ಣು. ಗೊತ್ತಾದ ದಿನವೇ ಬೇರೆ ಬೇರೆ ಮಾಡಿ. ತಡ ಮಾಡಿದರೆ ಅಣ್ಣ ತಂಗಿಯರೇ ಕೂಡಿ, ಇನ್ನೂ ಪೂರ್ತಿ ಬೆಳೆಯದ ಹೆಣ್ಣುಗಳೇ ಬಸುರಾಗಿಬಿಡುತ್ತವೆ.