ಗೆರೆ ಮೊಣಕೈಯಿಂದ ಬರಲಿ

ಸಂಕ್ರಾಂತಿಯ ಎಳ್ಳಿನ ಪೊಟ್ಟಣದ ಜೊತೆ ಕೈಯಲ್ಲೇ ಮಾಡಿದ ಕಾರ್ಡ್ ಇಡುವುದು ನಮ್ಮ ಮನೆಯಲ್ಲಿ ಈಚೆಗೆ ಶುರುವಾದ ರೂಢಿ. ಈ ಸಲ ಬರೆಯಲು ಕುಳಿತ ಮೊಮ್ಮಗಳು ಎರಡು ಕಾರ್ಡಿಗೇ ಮುಖ ಸಪ್ಪೆ ಮಾಡಿಕೊಂಡು, "ಅಜ್ಜಿ, ನನ್ನ ಕೈಯೇ ಸರಿಯಿಲ್ಲ" ಎಂದಳು. ಕೈ ಸರಿಯಾಗಿಯೇ ಇತ್ತು. ಬೆರಳಿನಿಂದ ಗೆರೆ ಎಳೆಯುತ್ತಿದ್ದಳು, ಅಷ್ಟೇ. ಬೆರಳಾಟ ಅಕ್ಷರಕ್ಕೆ ಸಾಕು, ಉದ್ದನೆಯ ಗೆರೆಗೆ ಸಾಲದು. ಅಂಗಳದಲ್ಲಿ ರಂಗೋಲಿ ಇಡುವಾಗ ಯಾರಾದರೂ ಮಣಿಕಟ್ಟನ್ನು ನೆಲಕ್ಕೆ ಊರುತ್ತಾರೆಯೇ? ತೋಳೇ ಸರಿಯುತ್ತದೆ. ಮೇಜಿನ ಮೇಲೂ ಮೊಣಕೈಯಿಂದಲೇ ಎಳೆಯಬೇಕು.

ರಂಗೋಲಿಯಂತೆ ಇಲ್ಲಿಯೂ ಚುಕ್ಕಿ ಮೊದಲು. ಗೆರೆ ಹೊರಡುವಲ್ಲಿ ಒಂದು, ಮುಟ್ಟುವಲ್ಲಿ ಒಂದು, ಪೆನ್ಸಿಲಿನಲ್ಲಿ ಕಂಡೂ ಕಾಣದಂತೆ. ಪೆನ್ನು ಮೊದಲನೆಯದರ ಮೇಲೆ, ಕಣ್ಣು ಎರಡನೆಯದರ ಮೇಲೆ. ಕಾಗದಕ್ಕೆ ತಾಗಿಸದೆ ಎರಡು ಸಲ ಕೈಯಾಡಿಸಿ, ಮೂರನೆಯ ಸಲ ತಡೆಯದೆ ಎಳೆದುಬಿಡಿ. ಪೆನ್ನಿನ ಮೊನೆಯನ್ನೇ ನೋಡುತ್ತಾ ಹೋದರೆ ಗೆರೆ ಬಳುಕುತ್ತದೆ. ಕೈಗೆ ಒಗ್ಗದ ದಿಕ್ಕಾದರೆ ಕಾರ್ಡನ್ನೇ ತಿರುಗಿಸಿಕೊಳ್ಳಿ.

ಸ್ಕೇಲ್ ಬಳಸುವುದಾದರೆ ಅಡಿಯಲ್ಲಿ ಒಂದೊಂದು ರೂಪಾಯಿಯ ಎರಡು ನಾಣ್ಯ ಅಂಟಿಸಿ; ಅಂಚು ಮೇಲೆದ್ದಿರುವುದರಿಂದ ಶಾಯಿ ಒಳಗೆ ನುಸುಳುವುದಿಲ್ಲ.

ವೃತ್ತಕ್ಕೆ ಕೈವಾರ ಬೇಡ, ನಡುವೆ ತೂತು ಉಳಿಯುತ್ತದೆ. ಬಳೆ ತನ್ನಿ. 'ಎರಡು ನಾಲ್ಕು' ಅಳತೆಯ ಬಳೆಯ ಒಳವ್ಯಾಸ ಎರಡೂಕಾಲು ಅಂಗುಲ, ಎಂದರೆ ಸುಮಾರು 57 ಮಿ.ಮೀ. ಎ4 ಹಾಳೆಯನ್ನು ಅರ್ಧಕ್ಕೆ ಕತ್ತರಿಸಿ ಮಡಿಸಿದರೆ ಕಾರ್ಡಿನ ಅಗಲ 105 ಮಿ.ಮೀ.; ವೃತ್ತದ ಎರಡೂ ಬದಿಗೆ 24 ಮಿ.ಮೀ. ಬಿಟ್ಟರೆ ಅದು ನಟ್ಟನಡುವೆ ಕೂರುತ್ತದೆ. ಬಳೆ ಸಾದಾ ಆಗಿರಲಿ, ಕೆತ್ತನೆಯಿದ್ದರೆ ಗೆರೆ ಹಲ್ಲುಹಲ್ಲಾಗುತ್ತದೆ. ಗಾಜಿನ ಬಳೆಗೆ ಬೆಸುಗೆಯ ಒಂದು ಸಣ್ಣ ಗಂಟಿರುತ್ತದೆ. ಬೆರಳಿನಲ್ಲಿ ತಡವಿ ಹುಡುಕಿ, ಅದರ ಪಕ್ಕದಿಂದಲೇ ಆರಂಭಿಸಿದರೆ ಪೆನ್ನು ನಡುದಾರಿಯಲ್ಲಿ ಎಡವುವುದಿಲ್ಲ.

ಮಡಿಸುವ ಮೊದಲೇ ಚಿತ್ರ ಬರೆಯಿರಿ, ಹಾಳೆ ಚಪ್ಪಟೆಯಾಗಿರುತ್ತದೆ. ಮಡಿಕೆ ಬರುವ ಕಡೆ ರೀಫಿಲ್ ಮುಗಿದ ಬಾಲ್ ಪೆನ್ನಿನಿಂದ ಸ್ಕೇಲ್ ಹಿಡಿದು ಒತ್ತಿ ಗೀರಿದರೆ ದಪ್ಪ ಕಾಗದವೂ ಬಿರಿಯದೆ ಮಡಿಯುತ್ತದೆ. ನಾರುನಾರಾದ ಕೈಕಾಗದವಾದರೆ ಶಾಯಿ ಹರಡಬಹುದು. ತುಂಡಿನ ಮೇಲೆ ಪರೀಕ್ಷಿಸದೆ ಮುಟ್ಟಬೇಡಿ. ನಾನಂತೂ ಅದರ ಮೇಲೆ ಬಣ್ಣದ ಪೆನ್ಸಿಲನ್ನೇ ಹಿಡಿಯುವುದು.

ರಬ್ಬರಿನ ವಿಷಯ ಹೇಳಲೇಬೇಕು. ಮೊಮ್ಮಗಳ ನಾಮಕರಣಕ್ಕೆ ನಲವತ್ತು ಕಾರ್ಡ್ ಬರೆದು, ಚುಕ್ಕಿ ಅಳಿಸುವ ಅವಸರದಲ್ಲಿ ಹನ್ನೊಂದಕ್ಕೆ ಮಸಿ ಬಳಿದಿದ್ದೆ. ಜೆಲ್ ಪೆನ್ನಿನ ಶಾಯಿ ನೋಡಲು ಒಣಗಿದಂತಿರುತ್ತದೆ, ಒಳಗೆ ಹಸಿ. ಈಗ ರಾತ್ರಿ ಬರೆದದ್ದನ್ನು ಬೆಳಿಗ್ಗೆ ಕಾಫಿ ಆದ ಮೇಲೆಯೇ ಅಳಿಸುತ್ತೇನೆ.

ಮೊಮ್ಮಗಳ ಮೊದಲಿನ ಎರಡು ಸೊಟ್ಟ ಗೆರೆಗಳನ್ನು ಎಸೆಯಲು ಬಿಡಲಿಲ್ಲ. ಪಕ್ಕದಲ್ಲೇ ಇನ್ನೊಂದೊಂದು ಗೆರೆ ಎಳೆಸಿ, ನಡುನಡುವೆ ಗಿಣ್ಣು ಹಾಕಿಸಿ, ತುದಿಗೆ ಗರಿ ಬರೆಸಿದೆ. ಕಬ್ಬು ಯಾವತ್ತು ನೆಟ್ಟಗೆ ಬೆಳೆದಿದೆ?